ಎಡ್ಜ್ ಬೇಡ ಎನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಡ್ಜ್ ಎಂದರೆ ಮೈಕ್ರೋಸಾಫ್ಟ್‌ನ ಬ್ರೌಸರ್, ಅಂದರೆ ವೆಬ್ ಪುಟ ತೆರೆಯುವ ತಂತ್ರಾಂಶ; ನಮ್ಮ ದೇಶದಲ್ಲಿ ಅದನ್ನು ಪೂರ್ತಿ ತೆಗೆಯುವ ಗುಂಡಿಯನ್ನು ವಿಂಡೋಸ್ ಕೊಡುವುದಿಲ್ಲ. ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ಪಿ.ಜೆ. ಬಡಾವಣೆಯ ಮನೆಗಳಿಗೆ ಕಂಪ್ಯೂಟರ್ ರಿಪೇರಿಗೆಂದು ಹೋದಾಗ ಮನೆಯವರು ಕೇಳಿದ್ದು, ಹರಿಹರ ಮತ್ತು ಜಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದವರು ಕೇಳಿದ್ದು, ಫೋನಿನಲ್ಲೂ ಪತ್ರಗಳಲ್ಲೂ ಬಂದದ್ದು, ಎಲ್ಲವನ್ನೂ ಸೇರಿಸಿ ಈ ಪ್ರಶ್ನೆಗಳನ್ನು ಜೋಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ಮನೆಯ ಕಂಪ್ಯೂಟರಿನಲ್ಲಿರುವ ವಿಂಡೋಸ್ 10 ಮತ್ತು ವಿಂಡೋಸ್ 11ಕ್ಕೆ ಮಾತ್ರ ಅನ್ವಯಿಸುತ್ತವೆ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಅಲ್ಲಿಯವರನ್ನು ಕೇಳದೆ ಏನನ್ನೂ ಮುಟ್ಟಬಾರದು. ನನ್ನ ಸಲಹೆ ಇಷ್ಟೇ: ಎಡ್ಜ್ ಅನ್ನು ಕೀಳಲು ಹೋಗಬೇಡಿ, ಅದು ತಾನಾಗಿ ಏಳುವುದನ್ನು, ನೀವು ಒತ್ತಿದ ಕೊಂಡಿಗಳನ್ನು (ಲಿಂಕ್‌ಗಳನ್ನು) ತನ್ನತ್ತ ಎಳೆದುಕೊಳ್ಳುವುದನ್ನು, ಇಂಟರ್ನೆಟ್ಟಿಗೆ ಹೋಗುವುದನ್ನು ಒಂದೊಂದಾಗಿ ನಿಲ್ಲಿಸಿ.

## ಮೊದಲು ತಿಳಿಯಬೇಕಾದದ್ದು

ನಾವು ಹಾಕಿಸಿಕೊಂಡೇ ಇಲ್ಲ, ಈ ಎಡ್ಜ್ ನಮ್ಮ ಕಂಪ್ಯೂಟರಿಗೆ ಎಲ್ಲಿಂದ ಬಂತು?

ಅದು ವಿಂಡೋಸ್ ಜೊತೆಗೇ ಬಂದಿದೆ. ಅಂಗಡಿಯವರು ತುಂಬಿಸಿದ್ದಲ್ಲ, ವೈರಸ್ಸೂ ಅಲ್ಲ. ವಿಂಡೋಸ್ 98ರ ಕಾಲದಲ್ಲೇ ಮೈಕ್ರೋಸಾಫ್ಟ್ ತನ್ನ ಹಳೆಯ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವ್ಯವಸ್ಥೆಯೊಳಗೆ ಹೆಣೆದು ಕೊಟ್ಟಿತ್ತು, ಮತ್ತು ಅದೇ 1998ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವೂ ಅಲ್ಲಿನ ಹಲವು ರಾಜ್ಯಗಳೂ ಸೇರಿ ಆ ಕಂಪನಿಯ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿದಾಗ ವಾದದ ಕೇಂದ್ರದಲ್ಲಿದ್ದದ್ದು ಈ ಹೆಣಿಗೆಯೇ. 2015ರ ಜುಲೈನಲ್ಲಿ ವಿಂಡೋಸ್ 10ರ ಜೊತೆ ಎಡ್ಜ್ ಬಂತು. ಅದು ಪುಟ ತೋರಿಸುವ ಸ್ವಂತ ಎಂಜಿನ್ನಿನ ಮೇಲೆ ಹೆಚ್ಚು ದಿನ ನಡೆಯಲಿಲ್ಲ. 2020ರ ಜನವರಿಯಲ್ಲಿ ಹೊರಬಂದ ಹೊಸ ಎಡ್ಜ್ ಕ್ರೋಮಿಯಂ ಎಂಬ ಮುಕ್ತ ತಳಪಾಯದ ಮೇಲೆ ಕಟ್ಟಿದ್ದು, ಗೂಗಲ್ ಕ್ರೋಮ್ ಕಟ್ಟಿರುವುದೂ ಅದರ ಮೇಲೆಯೇ. ಹಾಗಾಗಿ ಎಡ್ಜ್ ಮತ್ತು ಕ್ರೋಮ್ ದಾಯಾದಿಗಳು, ಶತ್ರುಗಳಂತೆ ಕಾಣುತ್ತವೆ ಅಷ್ಟೇ.

ಬಳಸದೆ ಸುಮ್ಮನೆ ಬಿಟ್ಟರೆ ಏನು ತೊಂದರೆ?

8 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್, ಎಸ್‌ಎಸ್‌ಡಿ ಮತ್ತು ತಿಂಗಳ ಬಾಡಿಗೆಯ ಫೈಬರ್ ಸಂಪರ್ಕ ಇರುವ ಮನೆಯಲ್ಲಿ ಬಹುಮಟ್ಟಿಗೆ ಏನೂ ತೊಂದರೆಯಿಲ್ಲ. ಮಗಳು ಕಾಲೇಜಿಗೆ ಸೇರಿದಾಗ ಕೊಂಡ 4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಮಾತು ಬೇರೆ: ಅಲ್ಲಿ ಕ್ರೋಮ್ ಒಂದು ಕಡೆ, ಕಾಣದೆ ಕುಳಿತ ಎಡ್ಜ್ ಇನ್ನೊಂದು ಕಡೆ ರ‍್ಯಾಮ್ ಹಂಚಿಕೊಂಡು, ಕೊನೆಗೆ ಎರಡೂ ನಿಧಾನವಾಗುತ್ತವೆ. ಬೇಸರದ ವಿಷಯವಂತೂ ಇದ್ದೇ ಇದೆ, ತನ್ನನ್ನೇ ಡಿಫಾಲ್ಟ್ (ಕೊಂಡಿ ಒತ್ತಿದಾಗ ತಾನಾಗಿ ತೆರೆಯುವ ಬ್ರೌಸರ್) ಮಾಡಿ ಎಂದು ಅದು ಮತ್ತೆ ಮತ್ತೆ ಕೇಳುವುದು.

ಪೂರ್ತಿ ತೆಗೆಯಲು ಆಗಲ್ಲ ಅಂತೀರಿ; ಯುರೋಪಿನವರಿಗೆ ಮಾತ್ರ ಹೇಗೆ ಆಗುತ್ತೆ?

ಅಲ್ಲಿ ಕಾನೂನು ಹಾಗಿದೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆಯ ಹೊಣೆಗಳು ದೊಡ್ಡ ಕಂಪನಿಗಳಿಗೆ 2024ರ ಮಾರ್ಚ್‌ನಿಂದ ಅನ್ವಯವಾದವು, ಅದರಿಂದಾಗಿ ಅಲ್ಲಿನ ಕಂಪ್ಯೂಟರುಗಳಲ್ಲಿ ಎಡ್ಜ್‌ಗೆ ಅನ್‌ಇನ್‌ಸ್ಟಾಲ್ ಗುಂಡಿ ಬಂತು. ಮೈಕ್ರೋಸಾಫ್ಟ್ ಸುಮ್ಮನೆ ಬಗ್ಗಿದ್ದಲ್ಲ. ಬ್ರೌಸರ್ ಆಯ್ಕೆಯ ಪರದೆಯನ್ನು ತೋರಿಸುತ್ತೇನೆಂದು ಕೊಟ್ಟ ಮಾತಿಗೆ ತಪ್ಪಿದ್ದಕ್ಕೆ 2013ರಲ್ಲಿ ಅದಕ್ಕೆ 56.1 ಕೋಟಿ ಯುರೋ ದಂಡ ಬಿದ್ದಿತ್ತು.

ಸೆಟ್ಟಿಂಗ್ಸ್‌ನಲ್ಲಿ ದೇಶವನ್ನು ಭಾರತದಿಂದ ಐರ್ಲೆಂಡಿಗೆ ಬದಲಿಸಿದರೆ ನಮಗೂ ಆ ಗುಂಡಿ ಸಿಗುತ್ತದೆ ಎಂಬ ಸಲಹೆ ಹರಿದಾಡುತ್ತಿದೆ. ಕಂಪ್ಯೂಟರನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಆರಿಸಿದ ದೇಶವನ್ನೇ ವಿಂಡೋಸ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದನ್ನು ಬದಲಿಸಲು ಇಡೀ ಕಂಪ್ಯೂಟರನ್ನು ರೀಸೆಟ್ ಮಾಡಬೇಕು ಎಂದು ಮೈಕ್ರೋಸಾಫ್ಟ್ ಹೇಳಿದೆ. ಒಂದು ಬ್ರೌಸರಿಗಾಗಿ ಅಷ್ಟು ಮಾಡುವುದು ಇಲಿಗೆ ಹೆದರಿ ಮನೆ ಸುಟ್ಟಂತೆ.

ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲವೇ?

ವಿಂಡೋಸ್ ಮತ್ತು ಎಡ್ಜ್ ವಿಷಯದಲ್ಲಿ ಅಂಥದ್ದಿಲ್ಲ. ಹತ್ತಿರದ ಉದಾಹರಣೆ ಮೊಬೈಲಿನದು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಮೊದಲೇ ತುಂಬಿಸಿಟ್ಟ ಆ್ಯಪ್‌ಗಳನ್ನು ಬಳಕೆದಾರರು ತೆಗೆಯುವುದಕ್ಕೆ ಅಡ್ಡಿ ಮಾಡಬಾರದೆಂದೂ ನಿರ್ದೇಶಿಸಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಈ ನಿರ್ದೇಶನವೂ ಸೇರಿ ನಾಲ್ಕನ್ನು ರದ್ದುಪಡಿಸಿತು.

## ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು

ಹೊಸ ಲ್ಯಾಪ್‌ಟಾಪ್, ಎಡ್ಜ್ ತೆರೆಯದೆಯೇ ಬೇರೆ ಬ್ರೌಸರ್ ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಬಹುದು. ಫೈರ್‌ಫಾಕ್ಸ್ 2021ರ ನವೆಂಬರ್‌ನಿಂದ ಮೈಕ್ರೋಸಾಫ್ಟ್ ಸ್ಟೋರಿನಲ್ಲೇ ಸಿಗುತ್ತದೆ, ಅಲ್ಲಿಂದ ಇಳಿಸಿಕೊಂಡರೆ ಎಡ್ಜ್ ಕಿಟಕಿಯನ್ನು ಒಮ್ಮೆಯೂ ತೆರೆಯಬೇಕಾಗಿಲ್ಲ. ಕ್ರೋಮ್ ಬೇಕೆನ್ನುವವರು ಎಡ್ಜ್ ಮೂಲಕವೇ ಹೋಗುವುದಾದರೆ ಗೂಗಲ್‌ನ ವಿಳಾಸವನ್ನು ವಿಳಾಸಪಟ್ಟಿಯಲ್ಲಿ ತಾವೇ ಟೈಪ್ ಮಾಡುವುದು ಕ್ಷೇಮ, ಏಕೆಂದರೆ ಹುಡುಕಿದಾಗ ಮೇಲ್ತುದಿಯಲ್ಲಿ ಬರುವ ಜಾಹೀರಾತಿನ ಕೊಂಡಿಗಳಲ್ಲಿ ನಕಲಿ ಪುಟಗಳು ಸೇರಿಕೊಂಡಿರಬಹುದು.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ಎಸ್ ಮೋಡ್ ಎಂಬ ಕಟ್ಟುಪಾಡಿನಲ್ಲಿ ಬರುತ್ತವೆ. ಅದರಲ್ಲಿ ಸ್ಟೋರಿನ ಹೊರಗಿನ ಏನನ್ನೂ ಹಾಕಲಾಗುವುದಿಲ್ಲ. ಎಸ್ ಮೋಡ್‌ನಿಂದ ಹೊರಬರಲು ಹಣ ಕೊಡಬೇಕಿಲ್ಲ. ಆದರೆ ಒಮ್ಮೆ ಬಂದರೆ ಮತ್ತೆ ಒಳಗೆ ಹೋಗಲು ಬರುವುದಿಲ್ಲ.

ಕ್ರೋಮ್ ಡಿಫಾಲ್ಟ್ ಮಾಡಿದ್ದೇನೆ, ಆದರೂ ಪಹಣಿ ತೆರೆದರೆ ಎಡ್ಜ್‌ನಲ್ಲೇ ಬರುತ್ತೆ, ಯಾಕೆ?

ಪಹಣಿ, ವಿದ್ಯುತ್ ಬಿಲ್ಲು, ಅಂಕಪಟ್ಟಿ, ಇವೆಲ್ಲ ಪಿಡಿಎಫ್ ಆಗಿ ಇಳಿಯುತ್ತವೆ. ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ, ಕ್ರೋಮ್ ಹೆಸರನ್ನು ಆರಿಸಿ, ಮೇಲಿರುವ ‘ಸೆಟ್ ಡಿಫಾಲ್ಟ್’ ಒತ್ತಿದಾಗ ವೆಬ್ ಪುಟಗಳೂ ಕೊಂಡಿಗಳೂ ಕ್ರೋಮ್‌ಗೆ ಹೋಗುತ್ತವೆ, ಪಿಡಿಎಫ್ ಮಾತ್ರ ಇದ್ದಲ್ಲೇ ಇರುತ್ತದೆ. (ವಿಂಡೋಸ್ 11 ಹೊರಬಂದ 2021ರಲ್ಲಿ ಆ ಒಂದು ಗುಂಡಿಯೂ ಇರಲಿಲ್ಲ. ಒಂದೊಂದು ಬಗೆಯ ಫೈಲಿಗೂ ಬೇರೆ ಬೇರೆಯಾಗಿ ಆರಿಸಬೇಕಿತ್ತು. ಜನರ ಆಕ್ಷೇಪದ ನಂತರ 2022ರಲ್ಲಿ ಗುಂಡಿ ಬಂತು.)

ಪಿಡಿಎಫ್‌ಗಾಗಿ ಬೇರೆಯೇ ಕೆಲಸ ಮಾಡಬೇಕು. ಯಾವುದಾದರೊಂದು ಪಿಡಿಎಫ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ‘ಚೂಸ್ ಅನದರ್ ಆ್ಯಪ್’ ಆರಿಸಿ, ಬೇಕಾದ ತಂತ್ರಾಂಶ ತೋರಿಸಿ, ‘ಆಲ್ವೇಸ್’ ಒತ್ತಬೇಕು. ಓದಲು ಮಾತ್ರ ಬೇಕಿದ್ದರೆ ಉಚಿತವಾದ ಸುಮಾತ್ರಾ ಪಿಡಿಎಫ್ ಹಳೆಯ ಕಂಪ್ಯೂಟರಿಗೆ ತುಂಬ ಹಗುರ. ಡಿಫಾಲ್ಟ್ ಆ್ಯಪ್ಸ್ ಪುಟದ ಹುಡುಕು ಪೆಟ್ಟಿಗೆಯಲ್ಲಿ ಎಸ್‌ವಿಜಿ, ವೆಬ್‌ಪಿ ಎಂಬ ಚಿತ್ರಬಗೆಗಳನ್ನೂ ಒಮ್ಮೆ ನೋಡಿಕೊಳ್ಳಿ, ಅವೂ ಎಡ್ಜ್ ಹೆಸರಿನಲ್ಲಿರಬಹುದು.

ಕೆಳಗಿನ ಪಟ್ಟಿಯಲ್ಲಿ ಏನಾದರೂ ಹುಡುಕಿದರೆ ಎಡ್ಜ್ ಎದ್ದು ಬರುತ್ತೆ, ಡಿಫಾಲ್ಟ್‌ಗೆ ಬೆಲೆಯೇ ಇಲ್ಲವೇ?

ಆ ಜಾಗದಲ್ಲಿ ಇಲ್ಲ. ಟಾಸ್ಕ್‌ಬಾರಿನ ಹುಡುಕು ಪೆಟ್ಟಿಗೆ ಮತ್ತು ಹವಾಮಾನ, ಸುದ್ದಿ ತೋರಿಸುವ ವಿಜೆಟ್ ಫಲಕ ತೆರೆಯುವ ಕೊಂಡಿಗಳು ಎಲ್ಲರೂ ಬಳಸುವ ಕೊಂಡಿಗಳಲ್ಲ. ಅವುಗಳ ಮುಂದೆ ಎಡ್ಜ್‌ನ ಹೆಸರೇ ಅಂಟಿರುತ್ತದೆ, ಆದ್ದರಿಂದ ನಿಮ್ಮ ಆಯ್ಕೆಯನ್ನು ಅವು ಕೇಳುವುದೇ ಇಲ್ಲ. ಅಂಥ ಕೊಂಡಿಗಳನ್ನು ಹಿಡಿದು ನಿಮ್ಮ ಬ್ರೌಸರಿಗೆ ತಿರುಗಿಸುವ ಎಡ್ಜ್‌ಡಿಫ್ಲೆಕ್ಟರ್ ಎಂಬ ಪುಟ್ಟ ತಂತ್ರಾಂಶವೊಂದಿತ್ತು. 2021ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನೂ ಮುಚ್ಚಿತು.

ಮುಚ್ಚಿದ ದಾರಿಯನ್ನು ಮತ್ತೆ ಅಗೆಯುವ ಬದಲು ಆ ಪೆಟ್ಟಿಗೆಯನ್ನು ಕಂಪ್ಯೂಟರಿನೊಳಗಿನ ಫೈಲು, ತಂತ್ರಾಂಶ ಹುಡುಕಲು ಮಾತ್ರ ಬಳಸುವುದು ಸುಲಭ. ವಿಜೆಟ್ ಬೇಡವಾದರೆ ಸೆಟ್ಟಿಂಗ್ಸ್‌ನ ಪರ್ಸನಲೈಸೇಷನ್ ವಿಭಾಗದಲ್ಲಿ ಟಾಸ್ಕ್‌ಬಾರ್ ತೆರೆದು ಅದನ್ನು ಆಫ್ ಮಾಡಬಹುದು. ಹುಡುಕು ಪೆಟ್ಟಿಗೆಯಿಂದ ವೆಬ್ ಫಲಿತಾಂಶಗಳನ್ನೇ ಕಿತ್ತುಹಾಕುವ ಬಗೆಯನ್ನು ಮುಂದೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಪ್ರಶ್ನೆಯಲ್ಲಿ ಹೇಳಿದ್ದೇನೆ.

ಎಡ್ಜ್ ಮುಚ್ಚಿದ್ದೇನೆ, ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದರೆ ಇನ್ನೂ ಓಡುತ್ತಲೇ ಇದೆಯಲ್ಲ?

ಇದಕ್ಕೆ ಎಡ್ಜ್‌ನ ಒಳಗೇ ಎರಡು ಗುಂಡಿಗಳಿವೆ, ಹೆಚ್ಚಿನ ಮನೆಗಳಲ್ಲಿ ಇವೆರಡನ್ನು ಆಫ್ ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ. ಎಡ್ಜ್ ತೆರೆದು ಮೇಲಿನ ಮೂರು ಚುಕ್ಕೆಗಳಿಂದ ಸೆಟ್ಟಿಂಗ್ಸ್‌ಗೆ, ಅಲ್ಲಿಂದ ‘ಸಿಸ್ಟಮ್ ಆ್ಯಂಡ್ ಪರ್ಫಾರ್ಮೆನ್ಸ್’ಗೆ ಹೋಗಿ. ಒಂದನೆಯದು ‘ಸ್ಟಾರ್ಟಪ್ ಬೂಸ್ಟ್’: ನೀವು ತೆರೆದಾಗ ಬೇಗ ಕಾಣಿಸಿಕೊಳ್ಳಲೆಂದು ಎಡ್ಜ್‌ನ ಒಂದು ಭಾಗವನ್ನು ಕಂಪ್ಯೂಟರ್ ಏಳುವಾಗಲೇ ಎಬ್ಬಿಸಿ ಕೂರಿಸುತ್ತದೆ. ಎರಡನೆಯದು ಎಡ್ಜ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಎಕ್ಸ್‌ಟೆನ್ಷನ್‌ಗಳನ್ನೂ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು) ಆ್ಯಪ್‌ಗಳನ್ನೂ ಓಡಿಸುತ್ತಿರು ಎನ್ನುವ ಸಾಲು. ಎರಡನ್ನೂ ಆಫ್ ಮಾಡಿ, ವಿಂಡೋಸ್ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಎಡ್ಜ್ ಹೆಸರಿದ್ದರೆ ಅಲ್ಲಿಯೂ ಆಫ್ ಮಾಡಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.

ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಅಲ್ಲಿ ‘ವೆಬ್‌ವ್ಯೂ2’ ಎಂಬ ಬಾಲವಿರುವ ಹೆಸರು ಉಳಿದಿದ್ದರೆ ಅದು ಎಡ್ಜ್ ಬ್ರೌಸರ್ ಅಲ್ಲ, ಅದನ್ನು ನಿಲ್ಲಿಸಬೇಡಿ. ಕಾರಣ ಮುಂದಿದೆ.

ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟರೆ ದಿನದ 1.5 ಜಿಬಿ ಮಧ್ಯಾಹ್ನಕ್ಕೇ ಖಾಲಿ. ಎಡ್ಜ್ ಕಾರಣವೇ?

ಒಬ್ಬ ಆರೋಪಿ ಅದು, ಒಬ್ಬನೇ ಅಲ್ಲ. ವಿಂಡೋಸ್ ಅಪ್‌ಡೇಟ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ನುಂಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದೊಳಗೆ ಡೇಟಾ ಯೂಸೇಜ್ ತೆರೆದರೆ ಯಾವ ತಂತ್ರಾಂಶ ಎಷ್ಟು ಬಳಸಿತೆಂಬ ಪಟ್ಟಿ ಸಿಗುತ್ತದೆ. ಅನುಮಾನಪಡುವ ಮೊದಲು ಅದನ್ನು ನೋಡಿ. ನಿಮ್ಮ ಮೊಬೈಲಿನ ವೈಫೈ ಹೆಸರಿನ ಗುಣಲಕ್ಷಣಗಳಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿದರೆ ವಿಂಡೋಸ್ ಹಿನ್ನೆಲೆಯ ಇಳಿಕೆಗಳಲ್ಲಿ ಹೆಚ್ಚಿನವನ್ನು ತಡೆಹಿಡಿಯುತ್ತದೆ. ಎಡ್ಜ್‌ನ ಹೊಸ ಟ್ಯಾಬ್ ಪುಟದಲ್ಲಿ ಸುದ್ದಿ, ಚಿತ್ರ, ವಿಡಿಯೊಗಳ ಸಾಲು ಬರುತ್ತಿದ್ದರೆ ಆ ಪುಟದ ಮೂಲೆಯ ಹಲ್ಲುಚಕ್ರದ ಗುರುತು ಒತ್ತಿ ಕಂಟೆಂಟ್ ಆಫ್ ಮಾಡಿ.

ಕ್ರೋಮ್‌ನಲ್ಲಿದ್ದ ಬುಕ್‌ಮಾರ್ಕ್ ಎಲ್ಲ ಎಡ್ಜ್‌ನಲ್ಲೂ ಕಾಣ್ತಿವೆ. ಯಾರು ಕೊಟ್ಟರು?

ಬಹುಶಃ ನೀವೇ, ಗೊತ್ತಿಲ್ಲದೆ. ಎಡ್ಜ್ ಮೊದಲ ಸಲ ತೆರೆದಾಗ, ಕೆಲವೊಮ್ಮೆ ದೊಡ್ಡ ಅಪ್‌ಡೇಟಿನ ಬಳಿಕವೂ, ಬೇರೆ ಬ್ರೌಸರಿನಿಂದ ಮಾಹಿತಿ ತರಲೇ ಎಂದು ಕೇಳುವ ಪರದೆಯಲ್ಲಿ ನಾವು ಓದದೆ ಮುಂದೆ ಒತ್ತಿಬಿಡುತ್ತೇವೆ. ಎಡ್ಜ್ ಸೆಟ್ಟಿಂಗ್ಸ್‌ನ ಪ್ರೊಫೈಲ್ಸ್ ವಿಭಾಗದಲ್ಲಿ ‘ಇಂಪೋರ್ಟ್ ಬ್ರೌಸರ್ ಡೇಟಾ’ ತೆರೆದು, ಪ್ರತಿ ಬಾರಿ ತೆರೆದಾಗಲೂ ತಾ ಎನ್ನುವ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ, ಆಮೇಲೆ ಎಡ್ಜ್‌ನ ಇತಿಹಾಸ ಮತ್ತು ಪಾಸ್‌ವರ್ಡ್‌ಗಳನ್ನು ಅಳಿಸಿ. ಅಳಿಸುವ ಮೊದಲು ಸಿಂಕ್ (ಒಂದೇ ಖಾತೆಯ ಸಾಧನಗಳ ಮಾಹಿತಿಯನ್ನು ಒಂದೇ ಸಮನಾಗಿ ಇಡುವುದು) ಆಫ್ ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಅದೇ ಖಾತೆಯ ಬೇರೆ ಸಾಧನದಲ್ಲೂ ಅವು ಅಳಿದುಹೋಗುತ್ತವೆ.

## ಸ್ವಲ್ಪ ಮುಂದುವರಿದವರಿಗೆ

ವಿಡಿಯೊ ನೋಡಿ ಸ್ಕ್ರಿಪ್ಟ್ ಓಡಿಸಿ ಎಡ್ಜ್ ತೆಗೆದೆ. ಈಗ ಔಟ್‌ಲುಕ್ ತೆರೆಯುತ್ತಿಲ್ಲ. ಸಂಬಂಧ ಏನು?

ಸಂಬಂಧ ವೆಬ್‌ವ್ಯೂ2 ಎಂಬುದರಲ್ಲಿದೆ. ಹಲವು ತಂತ್ರಾಂಶಗಳು ತಮ್ಮ ಕಿಟಕಿಯೊಳಗೆ ವೆಬ್ ಪುಟದಂಥ ಭಾಗವನ್ನು ತೋರಿಸಲು ಸ್ವಂತ ಬ್ರೌಸರ್ ಕಟ್ಟುವ ಬದಲು ಎಡ್ಜ್‌ನ ಎಂಜಿನ್ನನ್ನು ಎರವಲು ಪಡೆಯುತ್ತವೆ. ಆ ಎರವಲಿನ ಹೆಸರು ವೆಬ್‌ವ್ಯೂ2. ಹೊಸ ಔಟ್‌ಲುಕ್, ಟೀಮ್ಸ್, ವಿಜೆಟ್ ಫಲಕ ಎಲ್ಲವೂ ಇದರ ಮೇಲೆ ನಿಂತಿವೆ. ಅದು ಎಡ್ಜ್‌ನ ಫೋಲ್ಡರಿನಲ್ಲಿರದೆ ಪಕ್ಕದಲ್ಲಿ ಬೇರೆ ಫೋಲ್ಡರಿನಲ್ಲಿರುತ್ತದೆ, ಆದರೆ ‘ಎಡ್ಜ್’ ಎಂಬ ಹೆಸರು ಕಂಡದ್ದನ್ನೆಲ್ಲ ಅಳಿಸುವ ಸ್ಕ್ರಿಪ್ಟ್‌ಗಳು ಅದನ್ನೂ ಗುಡಿಸಿಹಾಕುತ್ತವೆ.

ಇಂಥ ಪ್ರಕರಣ ನನ್ನ ಕೈಗೆ ಬಂದದ್ದು ಮಂಡಿಪೇಟೆಯ ಒಬ್ಬ ವ್ಯಾಪಾರಿಯವರಿಂದ. ಇಮೇಲ್ ತೆರೆಯದೆ ಎರಡು ದಿನದ ಆರ್ಡರುಗಳು ನಿಂತಿದ್ದವು, ವಿಚಿತ್ರವೆಂದರೆ ಮುಂದಿನ ಅಪ್‌ಡೇಟಿನಲ್ಲಿ ಎಡ್ಜ್ ತಾನಾಗಿಯೇ ಮರಳಿ ಬಂದಿತ್ತು, ಬಾರದೆ ಉಳಿದದ್ದು ವೆಬ್‌ವ್ಯೂ2 ಮಾತ್ರ. ಮೈಕ್ರೋಸಾಫ್ಟ್‌ನ ತಾಣದಿಂದ ವೆಬ್‌ವ್ಯೂ2 ರನ್‌ಟೈಮ್ ಇಳಿಸಿ ಮತ್ತೆ ಹಾಕಿದಾಗ ಹತ್ತು ನಿಮಿಷದಲ್ಲಿ ಸರಿಹೋಯಿತು. ನಿಮ್ಮದೂ ಹಾಗೆಯೇ ಸರಿಹೋಗುವ ಸಾಧ್ಯತೆ ಹೆಚ್ಚು.

ಎಡ್ಜ್ ಇರಲಿ, ಅದಕ್ಕೆ ಇಂಟರ್ನೆಟ್ ಸಿಗದ ಹಾಗೆ ಮಾಡಬಹುದೇ?

ಮಾಡಬಹುದು, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಚ್ಚುಕಟ್ಟಾದ ಉಪಾಯ: ಏನೂ ಮುರಿಯುವುದಿಲ್ಲ, ಬೇಕಾದಾಗ ಒಂದು ಕ್ಲಿಕ್ಕಿನಲ್ಲಿ ಹಿಂತೆಗೆಯಬಹುದು, ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಇಂಟರ್ನೆಟ್ಟಿನ ಹೋಗುಬರುವಿಕೆಯನ್ನು ಕಾಯುವ ಫೈರ್‌ವಾಲ್ ವಿಂಡೋಸ್‌ನಲ್ಲೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಡಿಫೆಂಡರ್ ಫೈರ್‌ವಾಲ್ ವಿತ್ ಅಡ್ವಾನ್ಸ್ಡ್ ಸೆಕ್ಯುರಿಟಿ’ ಹುಡುಕಿ ತೆರೆಯಿರಿ. ಎಡಗಡೆ ‘ಔಟ್‌ಬೌಂಡ್ ರೂಲ್ಸ್’ ಆರಿಸಿ, ಬಲಗಡೆ ‘ನ್ಯೂ ರೂಲ್’ ಒತ್ತಿ, ‘ಪ್ರೋಗ್ರಾಂ’ ಆರಿಸಿ, ಬ್ರೌಸ್ ಗುಂಡಿಯಿಂದ ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್ ಎಕ್ಸ್86’ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಎಡ್ಜ್, ಅಪ್ಲಿಕೇಷನ್ ಎಂದು ಒಂದರೊಳಗೊಂದು ತೆರೆದು, ಅಲ್ಲಿರುವ ‘ಎಂಎಸ್‌ಎಡ್ಜ್’ ಫೈಲನ್ನು ತೋರಿಸಿ. ‘ಬ್ಲಾಕ್ ದ ಕನೆಕ್ಷನ್’ ಆರಿಸಿ, ಮೂರೂ ಪ್ರೊಫೈಲುಗಳನ್ನು ಹಾಗೆಯೇ ಬಿಟ್ಟು, ನಿಯಮಕ್ಕೆ ನೆನಪಿರುವ ಹೆಸರು ಕೊಡಿ.

ಇದರ ನಂತರ ಎಡ್ಜ್ ತೆರೆದರೂ ಪುಟ ಬರುವುದಿಲ್ಲ. ವೆಬ್‌ವ್ಯೂ2ರ ಫೈಲು ಬೇರೆ ಇರುವುದರಿಂದ ಔಟ್‌ಲುಕ್, ಟೀಮ್ಸ್‌ಗೆ ಧಕ್ಕೆಯಿಲ್ಲ. ಎಡ್ಜ್‌ನ ಅಪ್‌ಡೇಟ್ ಮಾಡುವ ತಂತ್ರಾಂಶವೂ ಬೇರೆಯೇ, ಹಾಗಾಗಿ ಭದ್ರತಾ ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಅದನ್ನು ಮಾತ್ರ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ, ಬಳಸದ ಬಾಗಿಲಿಗೂ ಚಿಲಕ ಗಟ್ಟಿಯಾಗಿರಬೇಕು. ಆ್ಯಂಟಿವೈರಸ್ಸಿನೊಂದಿಗೆ ಅದರದೇ ಫೈರ್‌ವಾಲ್ ಬಂದಿದ್ದರೆ ಈ ನಿಯಮ ನಡೆಯದಿರಬಹುದು, ಆಗ ಆ ತಂತ್ರಾಂಶದಲ್ಲೇ ಅಂಥ ನಿಯಮ ಹಾಕಬೇಕಾಗುತ್ತದೆ.

ಅಪ್‌ಡೇಟ್ ಆದ ಮೇಲೆ ನಾನು ಆಫ್ ಮಾಡಿದ್ದು ಮತ್ತೆ ಆನ್ ಆಗುತ್ತೆ. ಗಟ್ಟಿಯಾಗಿ ಕೂರಿಸುವುದು ಹೇಗೆ?

ರಿಜಿಸ್ಟ್ರಿಯಲ್ಲಿ ಪಾಲಿಸಿಯಾಗಿ ಬರೆದರೆ ಎಡ್ಜ್ ಅದನ್ನು ಮಾಲೀಕನ ಆಜ್ಞೆಯೆಂದು ಪಾಲಿಸುತ್ತದೆ. ಪ್ರೋ ಆವೃತ್ತಿಯವರಿಗೆ ಗ್ರೂಪ್ ಪಾಲಿಸಿ ಎಡಿಟರ್ ಇದೆ, ಹೋಮ್‌ನಲ್ಲಿ ಅದಿಲ್ಲ. ಮೊದಲು ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಗುರುತು) ಮಾಡಿಕೊಳ್ಳಿ. ನಂತರ ರಿಜಿಸ್ಟ್ರಿ ಎಡಿಟರಿನಲ್ಲಿ ‘ಲೋಕಲ್ ಮಷೀನ್’ ಎಂಬ ಮುಖ್ಯ ಶಾಖೆಯೊಳಗೆ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್ ತೆರೆದು, ಅಲ್ಲಿ ‘ಎಡ್ಜ್’ ಎಂಬ ಕೀ ಇಲ್ಲದಿದ್ದರೆ ಮಾಡಿ. ಅದರಲ್ಲಿ 32 ಬಿಟ್ಟಿನ ಡಿವರ್ಡ್ (DWORD) ಮೌಲ್ಯಗಳನ್ನು ಹುಟ್ಟುಹಾಕಬೇಕು: ‘ಸ್ಟಾರ್ಟಪ್‌ಬೂಸ್ಟ್‌ಎನೇಬಲ್ಡ್’ (StartupBoostEnabled)ಗೆ 0, ‘ಬ್ಯಾಕ್‌ಗ್ರೌಂಡ್‌ಮೋಡ್‌ಎನೇಬಲ್ಡ್’ (BackgroundModeEnabled)ಗೆ 0, ಮೊದಲ ಸಲದ ಸ್ವಾಗತ ಪರದೆಗಳನ್ನು ಬಚ್ಚಿಡಲು ‘ಹೈಡ್‌ಫಸ್ಟ್‌ರನ್‌ಎಕ್ಸ್‌ಪೀರಿಯನ್ಸ್’ (HideFirstRunExperience)ಗೆ 1. ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು.

ಟಾಸ್ಕ್‌ಬಾರ್ ಹುಡುಕಾಟದ ವೆಬ್ ಫಲಿತಾಂಶಕ್ಕೆ ಜಾಗ ಬೇರೆ. ‘ಕರೆಂಟ್ ಯೂಸರ್’ ಶಾಖೆಯಲ್ಲಿ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ಎಕ್ಸ್‌ಪ್ಲೋರರ್ ಕೀಯೊಳಗೆ ‘ಡಿಸೇಬಲ್‌ಸರ್ಚ್‌ಬಾಕ್ಸ್‌ಸಜೆಷನ್ಸ್’ (DisableSearchBoxSuggestions) ಎಂಬ ಡಿವರ್ಡ್‌ಗೆ 1 ಕೊಟ್ಟು ರೀಸ್ಟಾರ್ಟ್ ಮಾಡಬೇಕು.

ಅದಾದ ಮೇಲೆ ‘ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ’ ಅಂತ ಬರ್ತಿದೆ. ಯಾರೋ ಒಳಗೆ ಹೊಕ್ಕಿದ್ದಾರಾ?

ಆ ಸಂಸ್ಥೆ ನೀವೇ. ಪಾಲಿಸಿ ಒಂದಿದ್ದರೂ ಎಡ್ಜ್ ಹಾಗೆ ಹೇಳುತ್ತದೆ. ನೀವು ಯಾವ ಪಾಲಿಸಿಯನ್ನೂ ಬರೆಯದೆ ಆ ಸಾಲು ಕಂಡರೆ ಮಾತ್ರ ಎಚ್ಚರವಹಿಸಿ, ಪೂರ್ಣ ವೈರಸ್ ತಪಾಸಣೆ ಮಾಡಿಸಿ.

ಮಗ ಬೇಡದ್ದನ್ನು ನೋಡಬಾರದು ಅಂತ ಎಡ್ಜ್ ನಿಲ್ಲಿಸಬೇಕು. ಅಷ್ಟು ಸಾಕೇ?

ಸಾಲದು, ಕೆಲವು ಮನೆಗಳಲ್ಲಿ ಅದು ತದ್ವಿರುದ್ಧ ಫಲ ಕೊಡುತ್ತದೆ. ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಯ ವೆಬ್ ಸೋಸುವಿಕೆ ನಡೆಯುವುದೇ ಎಡ್ಜ್‌ನಲ್ಲಿ; ಅದನ್ನು ಆನ್ ಮಾಡಿದಾಗ ಮಗುವಿನ ಖಾತೆಯಲ್ಲಿ ಬೇರೆ ಪರಿಚಿತ ಬ್ರೌಸರುಗಳನ್ನು ಅದೇ ತಡೆಯುತ್ತದೆ. ಅದನ್ನು ನೆಚ್ಚಿಕೊಂಡಿರುವವರು ಎಡ್ಜ್ ನಿಲ್ಲಿಸಿದರೆ ಇದ್ದ ಬೇಲಿಯನ್ನೂ ಕಿತ್ತಂತೆ. ಯಾವ ದಾರಿ ಹಿಡಿದರೂ ಮಗನಿಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಪ್ರತ್ಯೇಕ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ, ಇಲ್ಲದಿದ್ದರೆ ನೀವು ಹಾಕಿದ ಫೈರ್‌ವಾಲ್ ನಿಯಮವನ್ನು ಅವನು ಅರ್ಧ ಗಂಟೆಯಲ್ಲಿ ತೆಗೆಯುತ್ತಾನೆ. ನಮ್ಮ ಮನೆಯಲ್ಲಿ ಇಪ್ಪತ್ತು ನಿಮಿಷ ಸಾಕಾಗಿತ್ತು.

ವಿಂಡೋಸ್ 10ರ ಕಾಲ ಮುಗೀತಂತಲ್ಲ, ಹಳೆ ಕಂಪ್ಯೂಟರಿನಲ್ಲಿ ಎಡ್ಜ್‌ನ ಗತಿ ಏನು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೆ ಅದರ 22ಎಚ್2 ಆವೃತ್ತಿಯಲ್ಲಿ ಎಡ್ಜ್ ಮತ್ತು ವೆಬ್‌ವ್ಯೂ2 ಎರಡಕ್ಕೂ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಕಂಪನಿ ತಿಳಿಸಿದೆ. ಮೇಲಿನ ಉಪಾಯಗಳೆಲ್ಲ ಅಲ್ಲಿಯೂ ನಡೆಯುತ್ತವೆ. ಡಿಫಾಲ್ಟ್ ಆ್ಯಪ್ಸ್‌ನಂಥ ಕೆಲವು ಪುಟಗಳ ರೂಪ ಮತ್ತು ಗುಂಡಿಗಳ ಜಾಗ ಮಾತ್ರ ಬೇರೆ.

ಇಷ್ಟೆಲ್ಲ ಕಟ್ಟಿಹಾಕಿದ ಮೇಲೆ ಎಡ್ಜ್ ಯಾವುದಕ್ಕಾದರೂ ಬೇಕಾಗುತ್ತದೆಯೇ?

ಎರಡು ಕೆಲಸಗಳಿಗೆ ನಾನೇ ಅದನ್ನು ತೆರೆಯುತ್ತೇನೆ. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ನಿವೃತ್ತವಾದ ಮೇಲೂ ಅದನ್ನೇ ಕೇಳುವ ಹಳೆಯ ಪುಟಗಳು ಅಲ್ಲಲ್ಲಿ ಉಳಿದಿವೆ, ಅವುಗಳಿಗಾಗಿ ಎಡ್ಜ್‌ನಲ್ಲಿ ಐಇ ಮೋಡ್ ಇದೆ. ಕನಿಷ್ಠ 2029ರವರೆಗೆ ಇರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ.

ಇನ್ನೊಂದು ಕನ್ನಡಕ್ಕೆ ಸಂಬಂಧಿಸಿದ್ದು. ಎಡ್ಜ್‌ನ ‘ರೀಡ್ ಅಲೌಡ್’ನಲ್ಲಿ ಸಪ್ನಾ ಮತ್ತು ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ, ಕನ್ನಡ ಪುಟವನ್ನು ತಕ್ಕಮಟ್ಟಿಗೆ ಸರಾಗವಾಗಿ ಓದುತ್ತವೆ. ಎಂಸಿಸಿ ಬಿ ಬ್ಲಾಕಿನಲ್ಲಿ ಕಣ್ಣಿನ ಪೊರೆಯಿಂದ ಓದಲಾಗದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ; ಬೆಳಗಿನ ಪತ್ರಿಕೆಯನ್ನು ಅವರು ಈಗ ಕೇಳುವುದು ಹೀಗೆಯೇ. ಈ ಧ್ವನಿಗಳು ಬರುವುದು ಇಂಟರ್ನೆಟ್ ಮೂಲಕವಾದ್ದರಿಂದ ಫೈರ್‌ವಾಲ್ ನಿಯಮ ಹಾಕಿದರೆ ಓದು ನಿಂತುಹೋಗುತ್ತದೆ. ಅವರ ಕಂಪ್ಯೂಟರಿನಲ್ಲಿ ನಾನು ಸ್ಟಾರ್ಟಪ್ ಬೂಸ್ಟ್ ಆಫ್ ಮಾಡಿ, ಸುದ್ದಿಯ ಸಾಲು ತೆಗೆದು, ನಿಯಮವನ್ನು ಹಾಕದೆ ಬಿಟ್ಟು ಬಂದಿದ್ದೇನೆ.